ದೂರದ ತೊಟ್ಟಿಲು

ಪುಣೆಯಲ್ಲಿ ಚಳಿ ಕಾಲಿಟ್ಟಿತೆಂದರೆ ಟಿಬೇಟಿನವರ ಸ್ವೆಟರ್ ಅಂಗಡಿಗಳೂ ಬಂದುವೆಂದೇ ತಿಳಿಯಬೇಕು. ದೀಪಾವಳಿಯ ಫರಾಳದ ಡಬ್ಬಿಗಳು ಬರಿದಾಗುವ ಹೊತ್ತಿಗೆ ಅವರು ಬಂದು ಸಾಲಾಗಿ ಅಂಗಡಿ ಹೂಡುತ್ತಾರೆ. ಚಳಿ ತಗ್ಗುತ್ತಲೇ ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಡುತ್ತಾರೆ. ಕಳೆದ ಚಳಿಗಾಲದಲ್ಲಿ ನಾವೂ ಮಗಳನ್ನು ಕರೆದುಕೊಂಡು ಅಂಥದೊಂದು ಅಂಗಡಿಗೆ ಹೋಗಿದ್ದೆವು. ಬೇಕಾಗಿದ್ದುದು ಎಳೆಗೂಸಿನ ಸ್ವೆಟರು. ತೋರಿಸಿದ್ದೆಲ್ಲ ದೊಡ್ಡದೇ. “ಇದಕ್ಕಿಂತ ಸಣ್ಣದು ಐತೇನು ಕೇಳವಾ” ಎಂದು ನಾವು ಮಗಳಿಗೆ ಹೇಳಿದೆವು. ಅವಳು ಹಿಂದಿಯಲ್ಲಿ ಬಾಯಿ ತೆರೆಯುವ ಮೊದಲೇ ಅಂಗಡಿಯಾಕೆ, “ಐತ್ರಿ ಅಕ್ಕಾರ, ತಡೀರಿ, ಗಂಟಿನಾಗ ಅದ” ಎಂದಳು.

ನಮಗಾದ ಸೋಜಿಗವನ್ನು ಓದುಗರೇ ಊಹಿಸಿಕೊಳ್ಳಲಿ. ಎಲ್ಲಿ ಕನ್ನಡ ಕೇಳಿದರೂ ನಿಂತುಬಿಡುವ ನಮ್ಮ ಚಪಲ ಈ ಅಂಕಣದ ಬಂಧುಗಳಿಗೆ ಹೊಸದಲ್ಲ. ಯಾವ ಊರು, ಏನು ಎಂದು ವಿಚಾರಿಸಿದೆವು. “ಮುಂಡಗೋಡ್ರಿ. ಹುಟ್ಟಿದ್ದೂ ಅಲ್ಲೇ, ಶಾಲಿ ಕಲ್ತದ್ದೂ ಅಲ್ಲೇ” ಎಂದು ಆಕೆ ನಕ್ಕಳು. ನಲವತ್ತೈದರ ಆಸುಪಾಸಿನ ಹೆಣ್ಣುಮಗಳು. ಗಂಟು ಬಿಚ್ಚುತ್ತ, “ಯಾರ ಕೂಸಿಗ್ರೀ? ಮೊಮ್ಮಗನಿಗೇನು?” ಎಂದು ಕೇಳಿದಳು.

“ಮೊಮ್ಮಗ ಅಲ್ಲವಾ. ನಮ್ಮ ಮನಿ ಹತ್ರ ಕಟ್ಟಡದ ಕೆಲಸಕ್ಕ ಬಂದಾಕಿ, ಯಾದಗಿರಿ ಕಡೆಯ ಹೆಣ್ಮಗಳು. ಮಳಿಗಾಲದಾಗ ತಗಡಿನ ಶೆಡ್ಡಿನಾಗ ಹಡದಾಳ. ಕೂಸು ಇನ್ನೂ ಬಡಕಲಾಗೇ ಐತಿ.”

ಆಕೆಯ ಕೈ ಅಲ್ಲಿಗೇ ನಿಂತಿತು. “ಶೆಡ್ಡಿನಾಗೇನ್ರೀ? ನಮ್ಮವ್ವನೂ ಹಂಗ ಹುಟ್ಟಿದಾಕಿ. ಟಿಬೇಟಿನಾಗ, ದನದ ಕೊಟ್ಟಿಗ್ಯಾಗ” ಎಂದಳು.

ಅಂಗಡಿಯ ಮುಂದೆ ನಿಂತೇ ಆಕೆ ನಮಗೆ ಮೂರು ತಲೆಮಾರಿನ ಕತೆಯನ್ನು ಹೇಳಿದಳು. ಅಜ್ಜಿ ಆರು ಹಡೆದಳು, ಉಳಿದವು ಮೂರು. ಆರೂ ಹೆರಿಗೆ ಕೊಟ್ಟಿಗೆಯಲ್ಲಿಯೇ. ಒಮ್ಮೆಯಂತೂ ಹತ್ತಿರ ಒಬ್ಬರೂ ಇರಲಿಲ್ಲ, ಹೊಕ್ಕುಳುಬಳ್ಳಿಯನ್ನು ತಾನೇ ಕೊಯ್ದುಕೊಂಡಳು. ಅವ್ವ ಮುಂಡಗೋಡಿನ ಶಿಬಿರದ ಮನೆಯಲ್ಲಿ ಹಡೆದಳು. ಆಗ ನೆರೆಮನೆಯ ಹೆಂಗಸರಿದ್ದರು. ತಾನು ಹಡೆದದ್ದು ಹುಬ್ಬಳ್ಳಿಯ ದವಾಖಾನೆಯಲ್ಲಿ. “ಮೂರೇ ತಲೀಗೆ ಎಷ್ಟು ದೂರ ಬಂದ್ವಿ ನೋಡ್ರಿ” ಎಂದಳು. ಈ ಮಾತು ಮನೆಗೆ ಬಂದ ಮೇಲೂ ನಮ್ಮನ್ನು ಬಿಡಲಿಲ್ಲ. ಈ ಸಂಚಿಕೆಯ ಅಂಕಣ ಹುಟ್ಟಿದ್ದು ಅದರಿಂದ.

ಮೊದಲು ಅವರು ನಮ್ಮ ನಾಡಿಗೆ ಬಂದ ಬಗೆಯನ್ನು ನೆನೆಯೋಣ. ೧೯೫೯ರ ಮಾರ್ಚ್ ತಿಂಗಳಲ್ಲಿ ದಲಾಯಿ ಲಾಮಾ ಅವರು ಲ್ಹಾಸಾ ನಗರವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆಯೇ ಸುಮಾರು ಎಂಬತ್ತು ಸಾವಿರ ಜನ ಹಿಮದ ಕಣಿವೆಗಳನ್ನು ದಾಟಿ ಬಂದರು. ಬಂದವರಲ್ಲಿ ಬಸುರಿಯರಿದ್ದರು, ಹಸಿ ಬಾಣಂತಿಯರಿದ್ದರು, ಬೆನ್ನಿಗೆ ಕಟ್ಟಿದ ಕೂಸುಗಳಿದ್ದವು. ತಂಪಿನಲ್ಲಿ ಬೆಳೆದ ಮೈ ಅಸ್ಸಾಮಿನ ಶಿಬಿರಗಳ ಸೆಕೆಯನ್ನು ತಾಳಲಿಲ್ಲ. ಹಲವರು ಗುಡ್ಡಗಾಡಿನ ರಸ್ತೆ ಕೆಲಸಕ್ಕೆ ಸೇರಿದರು. ತಾಯಿ ಕಲ್ಲು ಒಡೆಯುತ್ತಿದ್ದರೆ ಕೂಸು ರಸ್ತೆಯ ಮಗ್ಗುಲಲ್ಲಿ ಮಲಗಿರುತ್ತಿತ್ತು. ೧೯೬೦ರ ಮೇ ೧೭ರಂದು ಜಮ್ಮುವಿನ ರಸ್ತೆ ಶಿಬಿರಗಳಿಂದ ೫೧ ಮಕ್ಕಳು ಕಾಯಿಲೆ ಬಿದ್ದು, ಹೊಟ್ಟೆಗಿಲ್ಲದೆ ಸೊರಗಿ ಧರ್ಮಶಾಲೆಗೆ ಬಂದರು. ಅವರಿಗಾಗಿ ತೆರೆದ ಶಿಶುಮಂದಿರವೇ ಮುಂದೆ ಟಿಬೇಟಿ ಮಕ್ಕಳ ಗ್ರಾಮಗಳೆಂಬ ದೊಡ್ಡ ಸಂಸ್ಥೆಯಾಗಿ ಬೆಳೆಯಿತು.

ಅದೇ ೧೯೬೦ರ ಕೊನೆಗೆ ಮೊದಲ ತಂಡ ನಮ್ಮ ಮೈಸೂರು ಜಿಲ್ಲೆಯ ಬೈಲುಕುಪ್ಪೆಗೆ ಬಂದಿಳಿಯಿತು. ಅಂದಿನ ಮೈಸೂರು ಸರ್ಕಾರ ಅಲ್ಲಿ ಸುಮಾರು ೩,೦೦೦ ಎಕರೆ ನೆಲ ಕೊಟ್ಟಿತ್ತು. ನೆಲವೆಂದರೆ ಹದಮಾಡಿದ ಹೊಲವಲ್ಲ, ಕಾಡು. ಮರ ಕಡಿದು, ಆನೆಗಳ ಹಾವಳಿಯನ್ನು ಎದುರಿಸಿ, ಬಿದಿರಿನ ಗುಡಿಸಲು, ಡೇರೆಗಳಲ್ಲಿ ಅವರು ಬಾಳು ಹೂಡಿದರು. ೧೯೬೬ರಲ್ಲಿ ಉತ್ತರ ಕನ್ನಡದ ಮುಂಡಗೋಡದಲ್ಲಿ ಇನ್ನೊಂದು ನೆಲೆಯಾಯಿತು. ಮುಂದೆ ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲಿಯೂ ಆದವು. ನಮ್ಮ ಎಸ್. ನಿಜಲಿಂಗಪ್ಪನವರ ಹೆಸರನ್ನು ಆ ಜನ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಇಂದು ನಾವು ಪ್ರವಾಸ ಹೋಗಿ ಬಂಗಾರದ ಬಣ್ಣದ ಬುದ್ಧನನ್ನು ನೋಡಿ, ಮೋಮೋ ತಿಂದು ಬರುತ್ತೇವೆ. ಅದೇ ನೆಲದಲ್ಲಿ ಮೊದಲ ಬಾಣಂತಿ ಬಿಸಿನೀರಿಗೆ ಎಷ್ಟು ಪಾಡುಪಟ್ಟಳೋ, ಅದನ್ನು ನೆನೆಯುವವರು ಕಡಿಮೆ.

ಇನ್ನು ಆ ಅಜ್ಜಿಯ ಕೊಟ್ಟಿಗೆಯ ಮಾತು. ಹೆರಿಗೆಗೆ ಕೊಟ್ಟಿಗೆಯನ್ನು ಆರಿಸಿಕೊಂಡದ್ದು ಬಡತನದಿಂದಲ್ಲ. ಹೆರಿಗೆಯ ಮೈಲಿಗೆ ಒಲೆಯ ದೇವತೆಗೂ ಮನೆದೇವರಿಗೂ ತಟ್ಟಬಾರದೆಂಬ ನಂಬಿಕೆ ಟಿಬೇಟಿನ ಎಷ್ಟೋ ಹಳ್ಳಿಗಳಲ್ಲಿ ಇತ್ತು. ಆದುದರಿಂದ ನೋವು ತೊಡಗಿದ ಹೆಣ್ಣು ಮನೆಯಿಂದ ಹೊರಬೀಳುತ್ತಿದ್ದಳು. ಇನ್ನೊಂದು ಸಂಗತಿ ನಮಗೆ ಹೆಚ್ಚು ವಿಚಿತ್ರವೆನಿಸಿತು. ಅಲ್ಲಿನ ಹಲವು ಸೀಮೆಗಳಲ್ಲಿ ಸೂಲಗಿತ್ತಿ ಎಂಬವಳೇ ಇರಲಿಲ್ಲ. ತಾಯಿಯೋ ಅತ್ತೆಯೋ ಗಂಡನೋ ಹತ್ತಿರ ಇದ್ದರೆ ಇದ್ದರು, ಇಲ್ಲದಿದ್ದರೆ ಇಲ್ಲ. ಆ ಜನ ವೈದ್ಯಶಾಸ್ತ್ರ ಅರಿಯದವರಲ್ಲ. ಗರ್ಭದಲ್ಲಿ ಪಿಂಡವು ವಾರವಾರಕ್ಕೆ ಬೆಳೆಯುವ ಬಗೆಯನ್ನು ಬಣ್ಣದ ಪಟಗಳಲ್ಲಿ ಬರೆದಿಟ್ಟವರು ಅವರು. ೧೯೧೬ರಲ್ಲಿ ಲ್ಹಾಸಾದಲ್ಲಿ ಕಟ್ಟಿದ ವೈದ್ಯ ಹಾಗೂ ಜ್ಯೋತಿಷ ಶಾಲೆಯನ್ನು ೧೯೬೧ರಲ್ಲಿ ಧರ್ಮಶಾಲೆಯಲ್ಲಿ ಮತ್ತೆ ಹುಟ್ಟುಹಾಕಿದವರೂ ಅವರೇ. ಆದರೆ ಗ್ರಂಥದಲ್ಲಿದ್ದ ಜ್ಞಾನ ಕೊಟ್ಟಿಗೆಯ ಬಾಗಿಲವರೆಗೆ ಬರಲಿಲ್ಲ.

ಇದನ್ನು ಓದಿ ‘ಪಾಪ, ಹಿಂದುಳಿದ ಜನ’ ಎಂದು ತಲೆಯಾಡಿಸುವ ಮುನ್ನ ನಮ್ಮ ಹಿತ್ತಿಲನ್ನೂ ನೋಡಿಕೊಳ್ಳೋಣ. ‘ಪುರುಡು’ ಎಂಬ ಮಾತು ಯಾವ ಕನ್ನಡ ಮನೆಗೆ ಹೊಸದು? ಹನ್ನೊಂದು ದಿನ ಬಾಣಂತಿಯನ್ನು ಮೂಲೆಯ ಕತ್ತಲಕೋಣೆಯಲ್ಲಿ ಇಟ್ಟ ನೆನಪು ನಮ್ಮ ಅಜ್ಜಿಯರಿಗೆ ಇತ್ತು. ಅಷ್ಟೇಕೆ, ೨೦೨೩ರ ಜುಲೈ ತಿಂಗಳಲ್ಲಿ ತುಮಕೂರಿನ ಸಮೀಪದ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನು ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದರು. ಮಳೆಯ ಚಳಿಗೆ ಹಸುಗೂಸು ತೀರಿಕೊಂಡಿತು. ಬೆಂಗಳೂರಿನಿಂದ ಎರಡು ಗಂಟೆಯ ದಾರಿ ಅದು. ಹಿಮಾಲಯದ ಆಚೆ ಹುಡುಕಬೇಕಾಗಿಲ್ಲ.

ನಮ್ಮಲ್ಲಿ ಒಂದು ಭಾಗ್ಯವಿತ್ತು. ಅದು ಸೂಲಗಿತ್ತಿಯ ಭಾಗ್ಯ. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ಯಾರು ಅರಿಯರು? ಓದುಬರಹ ಅರಿಯದ ಆ ತಾಯಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದವರು. ೨೦೧೮ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಕರೆದಾಗ ಬರುವ ಒಂದು ಜೀವ, ಪಳಗಿದ ಎರಡು ಕೈ ಹತ್ತಿರದಲ್ಲಿ ಇದ್ದರೆ ಹಡೆಯುವವಳಿಗೆ ಅರ್ಧ ಧೈರ್ಯ. ಆದರೆ ಅರ್ಧವೇ. ಕೈಗಳು ಎಷ್ಟೇ ಪಳಗಿದ್ದರೂ ಅವಕ್ಕೆ ಮೀರಿದ ಗಳಿಗೆಯೊಂದಿದೆ. ಅದನ್ನು ಹೇಳಲೆಂದೇ ಈ ಬರಹ.

ಆ ಗಳಿಗೆಗೆ ಬರುವ ಮೊದಲು ಪ್ರಕೃತಿಯ ಒಂದು ಚಮತ್ಕಾರವನ್ನು ಹೇಳಬೇಕು. ಲ್ಹಾಸಾ ಇರುವುದು ಸುಮಾರು ೩,೬೫೦ ಮೀಟರ್ ಎತ್ತರದಲ್ಲಿ. ನಮ್ಮ ಪುಣೆಯ ಎತ್ತರದ ಆರೂವರೆ ಪಟ್ಟು. ಅಲ್ಲಿ ಗಾಳಿ ತೆಳು. ಬಯಲಿನವರು ಅಲ್ಲಿ ಹೋಗಿ ನೆಲೆಸಿದರೆ ಮೈಯಲ್ಲಿ ರಕ್ತಕಣಗಳು ಹೆಚ್ಚಿ ರಕ್ತ ಗಟ್ಟಿಯಾಗುತ್ತದೆ; ಹುಟ್ಟುವ ಕೂಸಿನ ತೂಕ ಇಳಿಯುತ್ತದೆ. ಸಾವಿರಾರು ವರ್ಷಗಳಿಂದ ಅಲ್ಲಿಯೇ ಬಾಳಿದ ಟಿಬೇಟಿನವರ ಮೈ ಮಾತ್ರ ಬೇರೆ ದಾರಿ ಹಿಡಿದಿದೆ. ೧೯೯೫ರಲ್ಲಿ ಲ್ಹಾಸಾದಲ್ಲಿ ಹುಟ್ಟಿದ ಕೂಸುಗಳನ್ನು ಅಳೆದು ನೋಡಿದ ವರದಿ ಹೊರಬಂತು. ಬಯಲಿನಿಂದ ಬಂದ ಹಾನ್ ಚೀನೀಯರ ಕೂಸುಗಳಿಗಿಂತ ಟಿಬೇಟಿ ಕೂಸುಗಳ ರಕ್ತದಲ್ಲಿ ಆಮ್ಲಜನಕ ಹೆಚ್ಚಾಗಿತ್ತು. ೨೦೧೦ರಲ್ಲಿ ಇದರ ಹಿಂದಿನ ವಂಶವಾಹಿಗಳ ಗುರುತೂ ಸಿಕ್ಕಿತು; ರಕ್ತ ಅತಿಯಾಗಿ ಗಟ್ಟಿಯಾಗದಂತೆ ತಡೆಯುವ ಗುಣ ಅವಕ್ಕಿದೆ. ೨೦೨೪ರಲ್ಲಿ ನೇಪಾಳದ ಎತ್ತರದ ಊರುಗಳ ಟಿಬೇಟಿ ಮೂಲದ ೪೧೭ ತಾಯಂದಿರನ್ನು ಕುರಿತ ಅಧ್ಯಯನ ಬಂತು. ರಕ್ತ ಹದವಾಗಿದ್ದು ಅದರಲ್ಲಿ ಆಮ್ಲಜನಕ ತುಂಬಿ ಹರಿಯುವವರೇ ಹೆಚ್ಚು ಜೀವಂತ ಮಕ್ಕಳನ್ನು ಹಡೆದಿದ್ದರೆಂದು ಅದರಲ್ಲಿ ತಿಳಿಯಿತು.

ನೋಡಿ, ಪ್ರಕೃತಿ ತಾಯಿ ಎಷ್ಟು ತಲೆಮಾರು ಕೂತು ಆ ಹೆಣ್ಣುಮಕ್ಕಳ ಮೈಯನ್ನು ಬೆಟ್ಟಕ್ಕೆ ತಕ್ಕಂತೆ ಹೊಸೆದಿದ್ದಾಳೆ! ಆದರೂ ಅಲ್ಲಿ ತಾಯಂದಿರು ಸಾಯುತ್ತಿದ್ದುದು ಏಕೆ? ತೆಳುಗಾಳಿಯಿಂದಲ್ಲ. ಯಾದಗಿರಿಯ ಹೆಂಗಸು, ಪುಣೆಯ ಹೆಂಗಸು, ಟಿಬೇಟಿನ ಹೆಂಗಸು ಎಲ್ಲರಿಗೂ ಒಂದೇ ಶತ್ರು. ಹೆರಿಗೆಯಾದ ಮೇಲಿನ ರಕ್ತಸ್ರಾವ.

ಇದರ ಬಗೆಯನ್ನು ಸರಳವಾಗಿ ಹೇಳುತ್ತೇವೆ. ಕೂಸು ಹುಟ್ಟಿ ಮಾಸು ಬಿದ್ದ ಕೂಡಲೇ ಗರ್ಭಕೋಶ ಮುಷ್ಟಿಯಂತೆ ಬಿಗಿಯಬೇಕು. ಹಾಗೆ ಬಿಗಿದಾಗಲೇ ಅಲ್ಲಿನ ತೆರೆದ ರಕ್ತನಾಳಗಳು ಮುಚ್ಚಿಕೊಳ್ಳುವುದು. ಬಿಗಿಯದೆ ಸಡಿಲವಾಗಿ ಉಳಿದರೆ ನಲ್ಲಿ ತೆರೆದಿಟ್ಟಂತೆಯೇ. ಅರ್ಧ ಲೀಟರಿಗೆ ಮೇಲೆ ರಕ್ತ ಹೋದರೆ ಅಪಾಯವೆಂದು ವೈದ್ಯರ ಲೆಕ್ಕ. ಮೊದಲೇ ರಕ್ತಹೀನತೆಯಿಂದ ಬಿಳಿಚಿಕೊಂಡವಳಿಗೆ ಅಷ್ಟೂ ಬೇಡ. ರಕ್ತ ನಿಲ್ಲದಿದ್ದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಅಂಥ ಹೊತ್ತಿನಲ್ಲಿ ಪಳಗಿದ ಸೂಲಗಿತ್ತಿಯ ಕೈಯೂ ಸೋಲುತ್ತದೆ. ಬೇಕಾದದ್ದು ಮದ್ದು, ಮತ್ತು ಆಸ್ಪತ್ರೆಗೆ ಒಯ್ಯುವ ಗಾಡಿ.

ಮದ್ದು ಇತ್ತು. ಆದರೆ ಅದು ಸೂಜಿಮದ್ದು. ತಂಪಿನಲ್ಲಿ ಕಾಪಾಡಬೇಕು, ಚುಚ್ಚಲು ಬಲ್ಲವರು ಬೇಕು. ಕರೆಂಟಿಲ್ಲದ ಹಳ್ಳಿಗೆ, ಬೆಟ್ಟದ ತುದಿಗೆ ಅದು ಹೋಗುವುದು ಹೇಗೆ? ಇಲ್ಲಿ ನಮ್ಮ ಬೆಳಗಾವಿಯ ಹೆಸರು ಬರುತ್ತದೆ. ಪುಣೆಯ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ಬೆಳಗಾವಿ ತವರು. ಆದರೂ ಈ ಸಂಗತಿ ತಿಳಿದವರು ಸ್ವಲ್ಪ.

ಮಿಸೊಪ್ರೊಸ್ಟಾಲ್ ಎಂಬ ಒಂದು ಗುಳಿಗೆ ಉಂಟು. ತಂಪಿನ ಪೆಟ್ಟಿಗೆ ಬೇಡ, ಸೂಜಿ ಬೇಡ. ನುಂಗಿದರೆ ಗರ್ಭಕೋಶ ಬಿಗಿಯುತ್ತದೆ. ಹಳ್ಳಿಯ ಹೆರಿಗೆಯಲ್ಲಿ ಇದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆಯೇ ಎಂಬುದನ್ನು ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಅಮೆರಿಕದ ವೈದ್ಯರೊಡಗೂಡಿ ಪರೀಕ್ಷಿಸಿದರು. ೨೦೦೨ರಿಂದ ೨೦೦೫ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳ ೧,೬೨೦ ತಾಯಂದಿರು ಇದಕ್ಕೆ ಒಪ್ಪಿದರು. ಹೆರಿಗೆ ನಡೆದದ್ದು ಮನೆಗಳಲ್ಲಿ, ಉಪಕೇಂದ್ರಗಳಲ್ಲಿ. ಗುಳಿಗೆ ಕೊಟ್ಟವರು ದೊಡ್ಡ ಡಾಕ್ಟರರಲ್ಲ. ಹಳ್ಳಿಯ ಜನ ‘ನರ್ಸಮ್ಮ’ ಎಂದು ಕರೆಯುವ ಸಹಾಯಕ ದಾದಿಯರು. ಅರ್ಧ ಜನಕ್ಕೆ ನಿಜವಾದ ಗುಳಿಗೆ, ಉಳಿದರ್ಧಕ್ಕೆ ಅದರಂತೆಯೇ ಕಾಣುವ ಬರಿಯ ಗುಳಿಗೆ. ಯಾವುದು ಯಾರಿಗೆಂದು ಕೊಟ್ಟವರಿಗೂ ಗೊತ್ತಿಲ್ಲ, ನುಂಗಿದವರಿಗೂ ಗೊತ್ತಿಲ್ಲ. ಹೋದ ರಕ್ತವನ್ನು ಅಂದಾಜಿನಲ್ಲಿ ಹೇಳದೆ, ಅಳತೆಯ ಗೆರೆ ಹಾಕಿದ ಪ್ಲಾಸ್ಟಿಕ್ ಚೀಲವನ್ನು ತಾಯಿಯ ಕೆಳಗೆ ಹಾಸಿ ಅಳೆದರು.

೨೦೦೬ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಬರಿಯ ಗುಳಿಗೆಯವರಲ್ಲಿ ನೂರಕ್ಕೆ ೧೨ ಮಂದಿಗೆ ರಕ್ತಸ್ರಾವವಾಗಿತ್ತು. ಮದ್ದಿನ ಗುಳಿಗೆಯವರಲ್ಲಿ ಅದು ೬.೪ಕ್ಕೆ ಇಳಿದಿತ್ತು. ಜೀವಕ್ಕೇ ಕುತ್ತು ತರುವಷ್ಟು ಹೆಚ್ಚಿನ ಸ್ರಾವ ಸಾವಿರಕ್ಕೆ ಹನ್ನೆರಡು ಇದ್ದುದು ಎರಡಾಗಿತ್ತು. ೨೦೦೯ರಲ್ಲಿ ಲ್ಹಾಸಾದಿಂದಲೂ ವರದಿ ಬಂತು. ಅಲ್ಲಿ ತಲೆಮಾರುಗಳಿಂದ ಹೆರಿಗೆಯಲ್ಲಿ ಕೊಡುತ್ತಿದ್ದ ಟಿಬೇಟಿ ಔಷಧಿಯ ಪಕ್ಕದಲ್ಲಿ ಇದೇ ಗುಳಿಗೆಯನ್ನಿಟ್ಟು ಹೋಲಿಸಿ ನೋಡಿದ್ದರು. ಗುಳಿಗೆಯವರಲ್ಲಿ ರಕ್ತಸ್ರಾವ ಕಡಿಮೆಯಿತ್ತು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಗುಳಿಗೆಯನ್ನು ಅವಶ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಹೀಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳ ನರ್ಸಮ್ಮಂದಿರ ಪಾಠ ನಾವು ಹೆಸರೂ ಕೇಳದ ಬೆಟ್ಟದೂರುಗಳಿಗೆ ಉಪಕಾರಕ್ಕೆ ಬಂತು. ಆ ನರ್ಸಮ್ಮಂದಿರಿಗೆ ನಾವು ಇಲ್ಲಿಂದಲೇ ಕೈಮುಗಿಯುತ್ತೇವೆ.

ಒಂದು ಎಚ್ಚರಿಕೆ. ಇದು ಮನೆಯ ಔಷಧಿ ಡಬ್ಬಿಯಲ್ಲಿ ಇಟ್ಟುಕೊಳ್ಳುವ ಗುಳಿಗೆಯಲ್ಲ. ಈ ಕೆಲಸಕ್ಕೆ ಇದನ್ನು ಕೂಸು ಹುಟ್ಟಿದ ಮೇಲೆಯೇ, ತಿಳಿದವರ ಕೈಯಿಂದಲೇ ಕೊಡಬೇಕು; ಹುಟ್ಟುವ ಮುನ್ನ ಯಾರೋ ಹೇಳಿದರೆಂದು ನುಂಗಿದರೆ ತಾಯಿಗೂ ಕೂಸಿಗೂ ಆಪತ್ತು.

ಇನ್ನು ಮುಂಡಗೋಡ, ಬೈಲುಕುಪ್ಪೆಗಳ ಇಂದಿನ ಸ್ಥಿತಿ. ಎರಡೂ ಕಡೆ ಅವರದೇ ಆಸ್ಪತ್ರೆಗಳಿವೆ. ಹುಟ್ಟಿದ ಕೂಸಿಗೆ ಲಸಿಕೆ ಹಾಕಿಸುವ ಅಭ್ಯಾಸ ಬೇರೂರಿದೆ. ಅವರನ್ನು ಬಿಡದೆ ಕಾಡಿದ ರೋಗಗಳು ಎರಡು: ಕ್ಷಯ, ಮತ್ತು ಯಕೃತ್ತಿಗೆ ಅಂಟುವ ಹೆಪಟೈಟಿಸ್ ‘ಬಿ’. ಈ ಎರಡನೆಯದು ತಾಯಿಯಿಂದ ಕೂಸಿಗೆ ಹೆರಿಗೆಯ ಹೊತ್ತಿನಲ್ಲಿಯೇ ದಾಟಬಲ್ಲದು. ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಲಸಿಕೆ ಬಿದ್ದರೆ ಕೂಸಿಗೆ ರಕ್ಷಣೆ. ಆದ್ದರಿಂದ ದವಾಖಾನೆಯ ಹೆರಿಗೆ ಅವರಿಗೆ ಇಮ್ಮಡಿ ಲಾಭ ತಂದಿತು. ಅಂಗಡಿಯಾಕೆ ಮಾತ್ರ ಇನ್ನೊಂದು ಮಾತು ಹೇಳಿದಳು: “ಈಗ ಹುಟ್ಟಿದ ಕೂಸು ಉಳಿತಾವ್ರೀ ಅಕ್ಕಾರ. ಹುಟ್ಟೋ ಕೂಸೇ ಕಡಿಮಿ ಆಗ್ಯಾವ. ಹುಡುಗ್ರೆಲ್ಲ ಪರದೇಶಕ್ಕ ಹೊಂಟಾರ. ಶಾಲಿ ಖಾಲಿ ಆಗ್ಯಾವ.” ನಾವು ಏನೂ ಹೇಳಲಾರದೆ ಹೋದೆವು. ನಮ್ಮ ಮಕ್ಕಳು ಎಲ್ಲಿದ್ದಾರೆಂಬುದು ನಮಗೆ ಗೊತ್ತಿಲ್ಲವೇ?

ಈಗ ಆ ಸ್ವೆಟರಿನ ಕೂಸಿನ ಸಂಗತಿ. ಇದನ್ನು ಬರೆಯಲು ನಮಗೆ ಸಂಕೋಚವಾಗುತ್ತದೆ. ಬರೆಯದಿದ್ದರೆ ಮೇಲಿನದೆಲ್ಲ ಬರಿಯ ಪಾಂಡಿತ್ಯವಾದೀತು.

ನಮ್ಮ ಮನೆಯಿಂದ ಇನ್ನೂರು ಹೆಜ್ಜೆಯಲ್ಲಿ ಕಟ್ಟಡವೊಂದು ಏಳುತ್ತಿದೆ. ಅಲ್ಲಿ ದುಡಿಯುವವರಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯವರು ಬಹಳ. ಬೆಳಿಗ್ಗೆ ಹಾಲು ತರಲು ಹೋಗುವಾಗ ಅವರ ಕನ್ನಡ ಕಿವಿಗೆ ಬೀಳುತ್ತಿತ್ತು. ಕೇಳಿ ಸಂತೋಷಪಡುತ್ತಿದ್ದೆವು, ಅಷ್ಟೇ. ತಲೆಯ ಮೇಲೆ ಬುಟ್ಟಿ ಹೊತ್ತ ಆ ಬಸುರಿಯನ್ನು ತಿಂಗಳುಗಟ್ಟಲೆ ನೋಡಿದ್ದೆವು. ಎಷ್ಟು ತಿಂಗಳೆಂದು ಒಮ್ಮೆಯೂ ಕೇಳಿರಲಿಲ್ಲ.

ಆಷಾಢದ ಒಂದು ರಾತ್ರಿ, ಜೋರು ಮಳೆ. ತಗಡಿನ ಶೆಡ್ಡಿನಲ್ಲಿ ಅವಳು ಹಡೆದಳು. ಅವರೂರಿನ ಮುದುಕಿಯೊಬ್ಬಳು ಬಳ್ಳಿ ಕೊಯ್ದಳು. ಕೂಸು ಅತ್ತಿತು, ಎಲ್ಲರೂ ನಿಟ್ಟುಸಿರುಬಿಟ್ಟರು. ಆದರೆ ರಕ್ತ ನಿಲ್ಲಲಿಲ್ಲ. ಯಾವ ನಂಬರಿಗೆ ಫೋನು ಮಾಡಬೇಕೆಂದು ಗಂಡನಿಗೆ ಗೊತ್ತಿಲ್ಲ, ಮರಾಠಿ ಬಾರದು, ಮುಕಾದಮನ ಫೋನು ಹತ್ತುತ್ತಿಲ್ಲ. ಕೊನೆಗೆ ಕಾವಲುಗಾರ ಓಡಿಬಂದು ನಮ್ಮ ಕಟ್ಟಡದ ಕಾಲೇಜು ಹುಡುಗನೊಬ್ಬನನ್ನು ಎಬ್ಬಿಸಿದ. ಆ ಹುಡುಗ ೧೦೮ಕ್ಕೆ ಹಚ್ಚಿ, ಮಳೆಯಲ್ಲಿ ಬೀದಿಗೆ ನಿಂತು ಗಾಡಿಗೆ ದಾರಿ ತೋರಿಸಿದ. ಆಸ್ಪತ್ರೆ ಎರಡೇ ಮೈಲಿ. ರಕ್ತ ಕೊಟ್ಟರು. ತಾಯಿ ಉಳಿದಳು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತೆಂದು ಡಾಕ್ಟರರು ಹೇಳಿದರಂತೆ.

ಮರುದಿನ ನಾವು ಹೋಗಿ ಕೇಳಿದೆವು: “ಮೊದ್ಲ ದವಾಖಾನಿಗೆ ಯಾಕ ತೋರಿಸಲಿಲ್ಲವಾ?” ಅವಳು ಹೇಳಿದ ಕಾರಣಗಳು ಮೂರು. ತಾಯಿ ಕಾರ್ಡು ಊರಲ್ಲಿ ಅತ್ತೆಯ ಪೆಟ್ಟಿಗೆಯಲ್ಲಿದೆ. ಅದಿಲ್ಲದೆ ಇಲ್ಲಿ ನೋಡುವುದಿಲ್ಲವೆಂದು ಯಾರೋ ಅಂದರು. ಒಂದು ದಿನ ಹೋದರೆ ಒಂದು ದಿನದ ಪಗಾರ ಹೋಯಿತು. ಮತ್ತೆ, “ಅಲ್ಲಿ ಹೋಗಿ ಏನಂತ ಹೇಳ್ಲಿರೀ ಅಮ್ಮಾ, ನನಗ ಅವರ ಮಾತು ಬರೂದಿಲ್ಲ.”

ಈ ಕೊನೆಯ ಮಾತು ನಮ್ಮ ಎದೆಗೆ ನಾಟಿತು. ಏಕೆಂದರೆ ನಮಗೆ ಎರಡೂ ಮಾತು ಬರುತ್ತಿದ್ದವು.

ತಾಯಂದಿರ ಸಾವನ್ನು ಅಭ್ಯಾಸ ಮಾಡಿದವರು ೧೯೯೪ರಲ್ಲಿ ಮೂರು ತಡಗಳ ಮಾತನ್ನು ಹೇಳಿದ್ದಾರೆ. ಆಸ್ಪತ್ರೆಗೆ ಹೋಗಬೇಕೆಂದು ನಿಶ್ಚಯಿಸುವಲ್ಲಿ ತಡ, ಹೋಗಿ ಸೇರುವಲ್ಲಿ ತಡ, ಸೇರಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಟಿಬೇಟಿನ ಅಜ್ಜಿಗೆ ದೂರವೆಂದರೆ ಬೆಟ್ಟ, ಹಿಮ, ದಾರಿಯಿಲ್ಲದ ದಾರಿ. ನಮ್ಮ ಯಾದಗಿರಿಯ ಮಗಳಿಗೆ ದೂರವೆಂದರೆ ಪೆಟ್ಟಿಗೆಯಲ್ಲಿ ಉಳಿದ ಒಂದು ಕಾರ್ಡು, ಒಂದು ದಿನದ ಕೂಲಿ, ಬಾರದ ಒಂದು ಭಾಷೆ. ಎರಡು ಮೈಲಿಯ ಆಸ್ಪತ್ರೆ ಅವಳಿಗೆ ಲ್ಹಾಸಾದಷ್ಟೇ ದೂರ. ೨೦೧೮–೨೦ರ ಸರ್ಕಾರಿ ಲೆಕ್ಕದಂತೆ ಒಂದು ಲಕ್ಷ ಹೆರಿಗೆಗೆ ತಾಯಂದಿರ ಸಾವು ಭಾರತದಲ್ಲಿ ೯೭, ಕರ್ನಾಟಕದಲ್ಲಿ ೬೯, ಮಹಾರಾಷ್ಟ್ರದಲ್ಲಿ ೩೩. ಅಂಕೆ ಇಳಿಯುತ್ತ ಬಂದಿದೆ, ಸಂತೋಷವೇ. ಆದರೆ ತಗಡಿನ ಶೆಡ್ಡಿಗೆ ಸರಾಸರಿಯ ಲೆಕ್ಕ ಏನು ಮಾಡೀತು?

ನಾವಿರುವ ಈ ಪುಣೆ ಇದನ್ನು ಮರೆಯಬಾರದ ಊರು. ಆನಂದಿಬಾಯಿ ಜೋಶಿಯವರು ಹದಿನಾಲ್ಕನೆಯ ವಯಸ್ಸಿಗೆ ಹಡೆದರು. ಕೂಸು ಹತ್ತೇ ದಿನ ಬದುಕಿತು. ಸರಿಯಾದ ವೈದ್ಯಸಹಾಯ ಸಿಗದ ಆ ಸಂಕಟವೇ ಅವರನ್ನು ಸಮುದ್ರದಾಚೆ ಕಳಿಸಿತು. ೧೮೮೬ರಲ್ಲಿ ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಪದವಿ ಪಡೆದು ಬಂದವರು ೧೮೮೭ರ ಫೆಬ್ರವರಿಯಲ್ಲಿ ಇದೇ ಪುಣೆಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ ಕಣ್ಣುಮುಚ್ಚಿದರು. ಒಬ್ಬ ತಾಯಿಯ ದುಃಖ ಅಷ್ಟು ದೂರ ನಡೆದಿತ್ತು. ನಾವು ಇನ್ನೂರು ಹೆಜ್ಜೆ ನಡೆಯಲಾರೆವೇ?

ಆದುದರಿಂದ ನಮ್ಮ ಸಂಘದ ಅಕ್ಕತಂಗಿಯರ ಮುಂದೆ, ಅಣ್ಣತಮ್ಮಂದಿರ ಮುಂದೆಯೂ, ಕೆಲವು ಮಾತು ಇಡುತ್ತೇವೆ. ಹಣದ ವಂತಿಗೆ ಕೇಳುತ್ತಿಲ್ಲ.

ಪ್ರತಿ ತಿಂಗಳ ಒಂಬತ್ತನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಪುಕ್ಕಟೆಯಾಗಿ ಪರೀಕ್ಷಿಸುವ ಏರ್ಪಾಡು ೨೦೧೬ರಿಂದ ಇದೆ. ನಿಮ್ಮ ಓಣಿಯಲ್ಲಿ ಕಟ್ಟಡ ಏಳುತ್ತಿದ್ದರೆ ಆ ದಿನ ಒಬ್ಬ ಕನ್ನಡದ ಬಸುರಿಯ ಜೊತೆಗೆ ಹೋಗಿ, ಅವಳ ನಾಲಗೆಯಾಗಿ ನಿಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್ನಾದರೂ ಸರಿಯೆ, ಔಷಧಿ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲವೂ ೨೦೧೧ರ ಯೋಜನೆಯಂತೆ ಉಚಿತ. ಇದನ್ನು ಅವರಿಗೆ ಅವರ ಮಾತಿನಲ್ಲಿ ಹೇಳಿ. ಊರಿಂದ ಬರುವಾಗ ತಾಯಿ ಕಾರ್ಡನ್ನು ಜೊತೆಗೆ ತರಲು ಹೇಳಿ. ತಂದಿಲ್ಲದಿದ್ದರೂ ಇಲ್ಲಿಯೇ ಹೆಸರು ಬರೆಸಬಹುದು. ೧೦೮ ಮತ್ತು ೧೦೨, ಈ ಎರಡು ಅಂಕೆಗಳನ್ನು ಶೆಡ್ಡಿನ ತಗಡಿನ ಮೇಲೆ ದೊಡ್ಡದಾಗಿ ಸುಣ್ಣದಲ್ಲಿ ಬರೆದುಬಿಡಿ. ಕಬ್ಬಿಣಾಂಶದ ಗುಳಿಗೆ ತಿಂದರೆ ಕೂಸು ಕಪ್ಪಾಗುತ್ತದೆಂಬ ಸುಳ್ಳನ್ನು ಬಿಡಿಸಿ. ರಕ್ತ ಗಟ್ಟಿಯಿದ್ದರೆ ಆ ಗಳಿಗೆಯನ್ನು ದಾಟುವ ಬಲ ಬರುತ್ತದೆ.

ಹಾಗೆಯೇ ನಮ್ಮ ಮನೆಗಳ ಬಾಣಂತನದಲ್ಲಿ. ಟಿಬೇಟಿನಲ್ಲಿ ಹುಟ್ಟಿದ ಕೂಸಿನ ಬಾಯಿಗೆ ಬೆಣ್ಣೆ ಇಡುತ್ತಿದ್ದರಂತೆ; ನಾವು ಜೇನು, ಬಜೆ ನೆಕ್ಕಿಸಿದೆವು. ಎರಡೂ ಬೇಡ. ಮೊದಲ ಗಂಟೆಯೊಳಗೆ ತಾಯಿಯ ಹಾಲು, ಆರು ತಿಂಗಳವರೆಗೆ ಅದೊಂದೇ. ಹುಟ್ಟಿದ ದಿನವೇ ಎರೆಯುವ ಅವಸರ ಬೇಡ. ಒರೆಸಿ, ತಾಯಿಯ ಎದೆಗೆ ಅವುಚಿ, ಬೆಚ್ಚಗೆ ಹೊದಿಸಿದರೆ ಸಾಕು. ಹೊಕ್ಕುಳಿಗೆ ಬೂದಿ, ಎಣ್ಣೆ, ಅರಿಸಿನ ಏನನ್ನೂ ಹಚ್ಚದಿರಿ. ಅಂಟಿನ ಉಂಡಿ, ಅಳವಿಯ ಪಾಯಸ ಇವನ್ನು ಬಿಡಿ ಎಂದು ನಾವು ಎಂದೂ ಹೇಳೆವು. ಬಾಣಂತಿ ಚೆನ್ನಾಗಿ ಉಣ್ಣಲಿ. ತವರು ದೂರವಾದ ಈ ಊರಿನಲ್ಲಿ ನೆರೆಯವರೇ ತವರಿನವರು.

ಅಂಗಡಿಯಾಕೆ ಸ್ವೆಟರನ್ನು ಮಡಚಿ ಕೊಟ್ಟಳು. ಹಣ ಎಣಿಸಿ ತೆಗೆದುಕೊಂಡಳು, ವ್ಯಾಪಾರ ವ್ಯಾಪಾರವೇ. ಆಮೇಲೆ ಗಂಟಿನೊಳಗಿಂದ ಕೆಂಪು ಉಣ್ಣೆಯ ಒಂದು ಕುಲಾವಿ ತೆಗೆದು, “ಇದು ನಂದು. ನಮ್ಮವ್ವನ ಹೆಸರ್ಲೆ ಹಾಕ್ರಿ” ಎಂದಳು.

ಹಾಕಿದೆವು. ಕುಲಾವಿ ತುಸು ದೊಡ್ಡದು, ಹುಬ್ಬಿನವರೆಗೂ ಬರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಸರಿಹೋದೀತೆಂದು ಅದರ ತಾಯಿ ಹೇಳುತ್ತಾಳೆ.